ಕಂಬಿಯ ತುದಿಯಿಂದ ಬಂದ ಕಾಗದ

— ರೈಲು ದಾರಿ ಹಾಕಿಸಿದ ಮನುಷ್ಯ ಹೆಂಡತಿಗೆ ಬರೆದ ಕಾಗದ ಅಂದ್ಯಲ್ಲ, ಅದರಲ್ಲಿ ರೈಲಿನ ಸುದ್ದಿ ಎಷ್ಟಿದೆ?

— ನೀವು ಅಂದುಕೊಂಡಷ್ಟು ಇಲ್ಲ ದೊಡ್ಡಪ್ಪ. ಗಾಳಿ, ಚಳಿ, ಕೆಲಸದ ಅವಸರ, ಮನೆ ನೆನಪಾಗ್ತಿದೆ, ಯಾವಾಗ ಬರ್ತೀನೋ ಗೊತ್ತಿಲ್ಲ. ಹೆಚ್ಚಿಗೆ ಇಂಥದ್ದೇ.

— ಹಾಗಾದ್ರೆ ನಮ್ಮೋರು ಬರೀತಿದ್ದ ಹಾಗೇ ಆಯ್ತು. ‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಬೇಕು.’ ಆಸಾಮಿ ಯಾರು?

— ಜಾನ್ ಕೇಸ್‌ಮೆಂಟ್. ಎಲ್ಲರ ಬಾಯಲ್ಲೂ ಜ್ಯಾಕ್. ಗಿಡ್ಡ ಆಳು, ಅಮೆರಿಕದ ಅಂತರ್ಯುದ್ಧದಲ್ಲಿ ಓಹಾಯೋದ ಕಾಲಾಳು ದಳವೊಂದರ ಕರ್ನಲ್. ಯುದ್ಧ ಮುಗಿದ ಮೇಲೆ 1866ರಲ್ಲಿ ತಮ್ಮ ಡ್ಯಾನ್‌ನ ಜೊತೆ ಸೇರಿ ಯೂನಿಯನ್ ಪೆಸಿಫಿಕ್ ಕಂಪನಿಗೆ ಕಂಬಿ ಹಾಸುವ ಕಂಟ್ರಾಕ್ಟ್ ಹಿಡಿದ. ನೆಬ್ರಾಸ್ಕಾದ ಒಮಾಹಾದಿಂದ ಪಶ್ಚಿಮಕ್ಕೆ. ಹೆಂಡತಿ ಫ್ರಾನ್ಸಿಸ್ ಓಹಾಯೋದ ಪೇನ್ಸ್‌ವಿಲ್ ಅನ್ನೋ ಊರಲ್ಲಿ. ಮದುವೆ ಆಗಿದ್ದು 1857ರಲ್ಲಿ. ಮೊದಲು ಯುದ್ಧ, ಆಮೇಲೆ ರೈಲು. ಹತ್ತು ವರ್ಷದ ಸಂಸಾರದಲ್ಲಿ ಅರ್ಧ ಭಾಗ ಅಂಚೆಯಲ್ಲೇ ನಡೀತು ಅಂದ್ರೂ ಆದೀತು.

— ಕಂಬಿ ಮುಂದಕ್ಕೆ ಹೋದಷ್ಟೂ ಗಂಡ ದೂರ ಹೋಗ್ತಾನೆ ಅಂತಾಯ್ತು.

— ಹೌದು. ಇಡೀ ದಾರಿ ಅವನದಲ್ಲ, ಎರಡು ಕಂಪನಿಗಳದ್ದು. 1862ರ ಜುಲೈ 1ರಂದು ಲಿಂಕನ್ ಈ ದಾರಿ ಹಾಕೋ ಕಾನೂನಿಗೆ ಸಹಿ ಹಾಕಿದ. ಯೂನಿಯನ್ ಪೆಸಿಫಿಕ್ ಪೂರ್ವದಿಂದ 1,086 ಮೈಲಿ ಹಾಕ್ತು. ಸೆಂಟ್ರಲ್ ಪೆಸಿಫಿಕ್ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆಯಿಂದ 690 ಮೈಲಿ. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿ ಗುಡ್ಡದ ಮೇಲೆ ಎರಡೂ ಸೇರಿದವು. ನಮ್ಮ ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದು ಆಗ ಐದು ವರ್ಷ ಅಷ್ಟೇ.

— ಅದಿರಲಿ. ನಾನು ರೈಲ್ವೆ ಅಂಚೆ ಸೇವೆಯಲ್ಲಿ, ಅದೇ ಆರ್‌ಎಂಎಸ್‌ನಲ್ಲಿ, ತಲೆ ಹಣ್ಣಾಗಿಸಿಕೊಂಡವನು, ನನಗೆ ಬೇಕಾದ್ದು ಬೇರೆ. ಊರಿಲ್ಲದ ಬಯಲು, ಇವತ್ತು ಇಲ್ಲಿ, ನಾಳೆ ಎರಡು ಮೈಲಿ ಆಚೆ. ಅಂಥವನಿಗೆ ಕಾಗದ ಹೇಗೆ ಮುಟ್ಟುತ್ತೆ? ಸಾರ್ಟಿಂಗ್ ಮಾಡೋನು ಯಾವ ಗೂಡಿಗೆ ಹಾಕಬೇಕು?

— ಅವನಿದ್ದದ್ದೇ ರೈಲಿನಲ್ಲಿ ದೊಡ್ಡಪ್ಪ. ಕೇಸ್‌ಮೆಂಟ್ ಕೆಲಸದವರಿಗೆ ಅಂತಲೇ ಒಂದು ರೈಲು ಮಾಡಿಸಿದ್ದ. ಮಲಗೋಕೆ ಮೂರು ಅಂತಸ್ತಿನ ಅಟ್ಟಣಿಗೆಯ ದೊಡ್ಡ ಡಬ್ಬಿಗಳು, ಅಡುಗೆಗೆ ಒಂದು, ಊಟಕ್ಕೆ ಒಂದು, ಕಮ್ಮಾರನ ಕೆಲಸಕ್ಕೆ ಒಂದು. ಸೂರಿಗೆ ಬಂದೂಕು ತಗಲಿಹಾಕಿರ್ತಿದ್ದರು. ಕಂಬಿ ಮುಂದೆ ಹೋದ ಹಾಗೆ ಆ ರೈಲೂ ಅದರ ಮೇಲೇ ತೆವಳ್ತಿತ್ತು. ಊಟದ ಮೇಜಿಗೆ ತಗಡಿನ ತಟ್ಟೆಗಳನ್ನ ಮೊಳೆ ಹೊಡೆದು ಕೂರಿಸಿದ್ದರು. ಒಂದು ಪಂಕ್ತಿ ಎದ್ದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದಿನ ಪಂಕ್ತಿ ಕೂರಿಸೋದು.

— ಥೂ! ಅದನ್ನ ಹೆಂಡತಿಗೆ ಬರೆದನಂತಾ?

— ಬರೆದಿರಲಾರ. ಇಂಥದ್ದೆಲ್ಲ ನೋಡೋಕೆ ಬಂದ ಪರಸ್ಥಳದವರು ಬರೆದಿಟ್ಟದ್ದು. ವಿಲಿಯಂ ಬೆಲ್ ಅಂತ ಒಬ್ಬ ಇಂಗ್ಲಿಷಿನವನು ನಿಂತು ಲೆಕ್ಕ ಹಾಕಿದ್ದಾನೆ. ಒಂದು ಮೊಳೆಗೆ ಮೂರು ಏಟು, ಒಂದು ಕಂಬಿಗೆ ಹತ್ತು ಮೊಳೆ, ಮೈಲಿಗೆ ನಾನೂರು ಕಂಬಿ. ಬೇಕಾದ್ರೆ ಗುಣಿಸಿ ನೋಡಿ, ಮೈಲಿಗೆ ಹನ್ನೆರಡು ಸಾವಿರ ಸುತ್ತಿಗೆ ಏಟು. ದಿನಾ ಅದರ ಮಧ್ಯೆ ನಿಂತವನಿಗೆ ಅದೇನು ಹೊಸದು?

— ಸರಿ. ಹಾಗಾದ್ರೆ ಅಂಚೆಯ ವಿಷಯ ಅರ್ಥವಾಯ್ತು. ಕಂಬಿ, ಸ್ಲೀಪರು, ಹಿಟ್ಟು, ದನದ ಮಾಂಸ ಎಲ್ಲ ಹಿಂದಿನಿಂದ ಅದೇ ದಾರಿಯಲ್ಲಿ ಬರಬೇಕು. ಕಾಗದದ ಚೀಲವೂ ಅದೇ ಗಾಡಿಯಲ್ಲಿ.

— ಅಲ್ಲೇ ಸ್ವಾರಸ್ಯ ಇರೋದು. ಇವನಿಗಿಂತ ಮುಂದೆ ಇದ್ದ ಸರ್ವೆಯವರು, ದಿಬ್ಬ ಕಡಿದು ಹಳ್ಳ ತುಂಬೋರು, ಅವರಿಗೆ ಕಾಗದ ಕುದುರೆ ಮೇಲೋ ಗಾಡಿಯಲ್ಲೋ ಹೋಗಬೇಕು. ಯಾವಾಗ ಮುಟ್ಟುತ್ತೋ ದೇವರೇ ಬಲ್ಲ. ಕೇಸ್‌ಮೆಂಟ್ ಮಾತ್ರ ರೈಲಿನ ಕೊನೇ ಇಂಚಿನ ಮೇಲೆ ಕೂತಿದ್ದಾನೆ. ಕಾಡಿನಲ್ಲಿದ್ದರೂ ಅಂಚೆಯ ಮಟ್ಟಿಗೆ ಪಟ್ಟಣದಲ್ಲಿದ್ದ ಹಾಗೆ. ಪಕ್ಕದಲ್ಲೇ ಟೆಲಿಗ್ರಾಫ್ ತಂತಿ ಬೇರೆ.

— ನಡುವೆ ಮಿಸ್ಸೂರಿ ನದಿ ಇದೆಯಲ್ಲ?

— ಇದೆ. ಒಮಾಹಾದಲ್ಲಿ ಅದಕ್ಕೆ ಸೇತುವೆ ಆಗಿದ್ದು 1872ರಲ್ಲಿ. ಅಷ್ಟರಲ್ಲಿ ಇಡೀ ದಾರಿ ಮುಗಿದು ಮೂರು ವರ್ಷ ಆಗಿತ್ತು. ಬೇಸಿಗೆಯಲ್ಲಿ ದೋಣಿ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೆ ಆ ಮಂಜುಗಡ್ಡೆಯ ಮೇಲೇ ಕಂಬಿ ಹಾಸಿ ಡಬ್ಬಿ ದಾಟಿಸ್ತಿದ್ದರು. ಅಲ್ಲಿಂದಾಚೆ ಶಿಕಾಗೊ ಕಡೆಗೆ ನೇರ ರೈಲು ಸಿಕ್ಕಿದ್ದು 1867ರಲ್ಲಿ. ಕಾಗದದ ಬೆಲೆ ಮಾತ್ರ ದೂರಕ್ಕೆ ಸಂಬಂಧಪಟ್ಟದ್ದಲ್ಲ. 1863ರಿಂದ ದೇಶದೊಳಗೆ ಎಲ್ಲಿಗೆ ಹಾಕಿದ್ರೂ ಅರ್ಧ ಔನ್ಸಿಗೆ ಮೂರು ಸೆಂಟು.

— ಓಡುವ ರೈಲಲ್ಲಿ ಸಾರ್ಟಿಂಗ್ ಆಗ ಅಲ್ಲಿತ್ತಾ?

— ಶಿಕಾಗೊದಿಂದ ಅಯೋವಾದ ಕ್ಲಿಂಟನ್‌ಗೆ 1864ರ ಆಗಸ್ಟ್‌ನಲ್ಲಿ ಶುರು ಮಾಡಿದರು. ನಿಮ್ಮ ಇಲಾಖೆಯೇನು ಹಿಂದೆ ಬಿದ್ದಿರಲಿಲ್ಲ. ಅಲಹಾಬಾದಿನಿಂದ ಕಾನ್‌ಪುರಕ್ಕೆ 1863ರಲ್ಲೇ ಆಯ್ತಲ್ಲ.

— ಅದನ್ನ ನಮಗೆ ಟ್ರೈನಿಂಗಿನಲ್ಲೇ ಹೇಳಿಕೊಡ್ತಿದ್ದರು! ಸರಿ ಹೇಳು. ಟೆಲಿಗ್ರಾಫ್ ಅಂದ್ಯಲ್ಲ, ಅದೇ ತೊಂದರೆ ತಂದಿರುತ್ತೆ ನೋಡು.

— ಹೇಗೆ?

— ತಂತಿ ಇದ್ದ ಕಡೆ ಪತ್ರಿಕೆಯವನಿಗೆ ಸುದ್ದಿ ಅದೇ ದಿನ ಸಿಗುತ್ತೆ. ಹೆಂಡತಿ ಬೆಳಿಗ್ಗೆ ಪೇಪರ್ ತೆಗೀತಾಳೆ, ‘ರೈಲಿನವರ ಮೇಲೆ ದಾಳಿ, ಇಷ್ಟು ಜನ ಸತ್ತರು’ ಅಂತ ಇರುತ್ತೆ. ಗಂಡನ ಕಾಗದ ಬರೋದು ಇನ್ನೊಂದು ವಾರಕ್ಕೆ. ಆ ಒಂದು ವಾರ ಆ ತಾಯಿ ಅನ್ನ ಹೇಗೆ ತಿಂದಾಳು?

— ನೀವು ಹೇಳೋ ಹಾಗೇ ಒಂದು ನಡೆದಿದೆ. 1867ರ ಆಗಸ್ಟ್‌ನಲ್ಲಿ ನೆಬ್ರಾಸ್ಕಾದ ಪ್ಲಮ್ ಕ್ರೀಕ್ ಹತ್ತಿರ ಶಾಯೆನ್ ಜನ ತಂತಿ ಕತ್ತರಿಸಿ ರೈಲು ಉರುಳಿಸಿದರು. ತಂತಿ ರಿಪೇರಿಗೆ ಹೋದವರಲ್ಲಿ ಹೆಚ್ಚಿನವರು ಸತ್ತರು. ಆಗ ಕಂಬಿಯ ತುದಿ ಅಲ್ಲಿಂದ ಬಹಳ ಪಶ್ಚಿಮಕ್ಕೆ ಹೋಗಿತ್ತು. ಪೇನ್ಸ್‌ವಿಲ್‌ನಲ್ಲಿ ಕೂತವಳಿಗೆ ಎರಡೂ ಒಂದೇ, ‘ಪಶ್ಚಿಮ’. ಇನ್ನೊಂದು ಮಾತು ದೊಡ್ಡಪ್ಪ. ಈ ಬಿಳಿ ಗಂಡಂದಿರ ಕಾಗದಗಳಲ್ಲಿ ಶಾಯೆನ್, ಲಕೋಟಾ ಜನ ಬರೋದು ಬರೀ ಅಪಾಯವಾಗಿ, ಮಳೆಗಾಳಿಯ ಸಾಲಿಗೆ. ದಾರಿ ಹೋಗ್ತಿದ್ದದ್ದು ಅವರ ಬೇಟೆಯ ನೆಲದ ಮೇಲೆ ಅನ್ನೋದನ್ನ ಹುಡುಕಬೇಕಾದ್ರೆ ಬೇರೆ ಕಡೆಯೇ ಹೋಗಬೇಕು.

— ಅದಕ್ಕೇ ನಾನು ಹೇಳೋದು, ಕಾಗದದಲ್ಲಿ ಇರೋದನ್ನ ಪೂರ್ತಿ ನಂಬಬೇಡ. ಮೂವತ್ತು ವರ್ಷ ಬೇರೆಯವರ ಲಕೋಟೆ ಮುಟ್ಟಿದವನು ಹೇಳ್ತಿದ್ದೀನಿ. ಮನೆಗೆ ಬರೆಯೋನು ಮನೆಯವರು ಏನು ಓದಿದ್ರೆ ನೆಮ್ಮದಿಯಾಗಿ ಮಲಗ್ತಾರೋ ಅದನ್ನೇ ಬರೀತಾನೆ.

— ಪೂರ್ತಿ ಹಾಗೂ ಅಲ್ಲ. ಅದೇ ಕಂಪನಿಯ ಸ್ಯಾಮ್ಯುಯೆಲ್ ರೀಡ್ ಅಂತ ಇದ್ದ, ದಾರಿ ಕಟ್ಟುವ ಕೆಲಸದ ಮೇಲ್ವಿಚಾರಕ. ಅವನ ಹೆಂಡತಿ ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ. 1867ರ ಬೇಸಿಗೆಯಲ್ಲಿ ಕಂಬಿಯ ತುದಿಗೆ ಜೂಲ್ಸ್‌ಬರ್ಗ್ ಅನ್ನೋ ಗುಡಾರದೂರು ಎದ್ದಿತ್ತು. ಜೂಜಿನ ಅಡ್ಡೆ, ಕುಣಿತದ ಮನೆ, ಹೆಂಡದಂಗಡಿ. ಅಲ್ಲಿನ ಅನಾಚಾರ ಹಾಡಹಗಲೇ ನಡೆಯೋದನ್ನ ಹೆಂಡತಿಗೆ ಕಾಗದದಲ್ಲಿ ಮುಚ್ಚಿಡದೆ ಬರೆದಿದ್ದಾನೆ. ಇವತ್ತು ಚರಿತ್ರೆ ಪುಸ್ತಕದಲ್ಲಿ ಆ ಊರಿನ ವರ್ಣನೆ ಬಂದ್ರೆ ಅದಕ್ಕೆ ಆ ಕಾಗದವೂ ಒಂದು ಆಧಾರ.

— ಅಯ್ಯೋ ಹುಚ್ಚೀ! ಊರಿನವರ ಅನಾಚಾರ ಯಾಕೆ ಬರೀತಾನೆ ಗೊತ್ತಾ? ‘ಇಲ್ಲಿ ಎಲ್ಲರೂ ಕೆಟ್ಟಿದ್ದಾರೆ, ನಾನೊಬ್ಬ ನೋಡಿ ಅಸಹ್ಯ ಪಟ್ಟುಕೊಂಡು ಬಂದೆ’ ಅಂತ ತಿಳಿಸೋಕೆ. ಹೆಂಡತಿಗೆ ಅದು ಸುದ್ದಿ ಅಲ್ಲ, ಜಾಮೀನು.

— ಇರಬಹುದು. ಆದ್ರೆ ಜಾಮೀನು ಅಂತ ಬರೆದದ್ದರಲ್ಲೂ ಊರಿನ ಚಿತ್ರ ಸಿಕ್ಕಿತಲ್ಲ! ಕಂಪನಿಗೆ ಬರೆದ ವರದಿಯಲ್ಲಿ ಮೈಲಿ ಎಷ್ಟು, ಖರ್ಚೆಷ್ಟು ಅಂತ ಇರುತ್ತೆ. ಸಾಯಂಕಾಲ ಹೇಗಿತ್ತು ಅಂತ ಇರೋದು ಹೆಂಡತಿಗೆ ಬರೆದದ್ದರಲ್ಲಿ ಮಾತ್ರ.

— ಆ ಊರು ಈಗಲೂ ಇದೆಯಾ?

— ಜೂಲ್ಸ್‌ಬರ್ಗ್ ಹೆಸರಿನ ಊರಿದೆ, ಜಾಗ ಬದಲಾಗಿದೆ. ಅದಕ್ಕಿಂತ ಸೋಜಿಗದ್ದು ವಯೋಮಿಂಗ್‌ನ ಬೆಂಟನ್. 1868ರ ಬೇಸಿಗೆಯಲ್ಲಿ ಹುಟ್ಟಿತು, ಹತ್ತಿರ ಹತ್ತಿರ ಮೂರು ತಿಂಗಳಲ್ಲಿ ಗುಡಾರ ಕಿತ್ತುಕೊಂಡು ಜನ ಮುಂದೆ ಹೋದರು, ಊರೇ ಇಲ್ಲ.

— ಅಂದ್ರೆ ಅಂಥ ಊರಿಗೆ ಬರೆದ ಕಾಗದ ಬರೋಷ್ಟರಲ್ಲಿ ವಿಳಾಸವೇ ಇರ್ತಿರಲಿಲ್ಲ! ಗುತ್ತಿಗೆದಾರನಿಗೇನು, ಹೆಸರು ಹೇಳಿದ್ರೆ ರೈಲಿನವರೇ ತಂದುಕೊಡ್ತಾರೆ. ಅವನ ಕೈಕೆಳಗೆ ಕಂಬಿ ಹಾಸೋ ಐರಿಷ್ ಕೂಲಿಯವನಿಗೆ ಅವನ ಹೆಂಡತಿ ಬರೆದಿದ್ರೆ?

— ವಾಷಿಂಗ್ಟನ್‌ನಲ್ಲಿ ಡೆಡ್ ಲೆಟರ್ ಆಫೀಸ್ ಇತ್ತು, 1825ರಿಂದಲೇ. ವಾರಸುದಾರರಿಲ್ಲದ ಕಾಗದಗಳೆಲ್ಲ ಅಲ್ಲಿಗೆ. ಒಡೆದು ನೋಡಿ, ಬರೆದವರ ವಿಳಾಸ ಇದ್ರೆ ವಾಪಸು, ಇಲ್ಲದಿದ್ರೆ ನಾಶ.

— ನಮ್ಮಲ್ಲೂ ಅದೇ. ಎಷ್ಟೋ ಲಕೋಟೆ ಮೇಲೆ ‘ರೈಲ್ವೆ ಕೆಲಸದಲ್ಲಿರುವ ರಾಮಣ್ಣನಿಗೆ’ ಅಂತ ಇಷ್ಟೇ ಇರೋದು. ಯಾವ ರೈಲ್ವೆ, ಯಾವ ರಾಮಣ್ಣ? ಎರಡು ಸ್ಟೇಷನ್ ಮಾಸ್ಟರ್‌ಗೆ ಕೇಳಿ ನೋಡೋದು, ಆಮೇಲೆ ಕೈಚೆಲ್ಲೋದು… ದುಡ್ಡಿನ ವಿಷಯ ಹೇಳು. ಕಾಗದಕ್ಕಿಂತ ಹೆಚ್ಚಾಗಿ ಹೆಂಡತಿ ಕಾಯೋದು ಅದಕ್ಕೆ.

— ಅಮೆರಿಕದಲ್ಲಿ ಮನಿಯಾರ್ಡರ್ 1864ರ ನವೆಂಬರ್‌ನಲ್ಲಿ ಶುರು, ನಮ್ಮಲ್ಲಿ 1880ರಲ್ಲಿ. ಕಳಿಸೋಕೆ ದಾರಿ ಇತ್ತು, ಕಳಿಸೋಕೆ ದುಡ್ಡಿರಲಿಲ್ಲ. ಯೂನಿಯನ್ ಪೆಸಿಫಿಕ್ ಸಂಬಳ ಬಾಕಿ ಇಡೋದರಲ್ಲಿ ಕುಪ್ರಸಿದ್ಧ. ಪ್ರೊಮೊಂಟರಿಯಲ್ಲಿ ಎರಡು ದಾರಿ ಸೇರಿಸೋ ಸಮಾರಂಭಕ್ಕೆ ಹೊರಟಿದ್ದ ಕಂಪನಿಯ ಉಪಾಧ್ಯಕ್ಷ ಥಾಮಸ್ ಡ್ಯುರಂಟ್‌ನ ಡಬ್ಬಿಯನ್ನೇ ಪೀಡ್‌ಮಾಂಟ್ ಅನ್ನೋ ಕಡೆ ಕೆಲಸದವರು ತಡೆದು ಕೂರಿಸಿದರು. ಬಾಕಿ ಕೊಡು, ಆಮೇಲೆ ಹೋಗು ಅಂತ. ಅಲ್ಲಿ ಕೊನೆಗೆ ಚಿನ್ನದ ಮೊಳೆ ಹೊಡೆಯೋ ಶಾಸ್ತ್ರ ತಡವಾಗಿದ್ದಕ್ಕೆ ಅದೂ ಒಂದು ಕಾರಣ.

— ಶಹಬ್ಬಾಸ್! ಅದನ್ನ ಫೋಟೋದಲ್ಲಿ ತೋರಿಸಲ್ಲ.

— ಫೋಟೋದಲ್ಲಿ ಇನ್ನೂ ಏನೇನೋ ಇಲ್ಲ. ಆ್ಯಂಡ್ರ್ಯೂ ರಸೆಲ್ ತೆಗೆದ ಆ ಪ್ರಸಿದ್ಧ ಚಿತ್ರದಲ್ಲಿ ಎರಡು ಎಂಜಿನ್ ಮೂತಿಗೆ ಮೂತಿ ನಿಂತಿವೆ, ಎರಡು ಕಂಪನಿಯ ಮುಖ್ಯ ಎಂಜಿನಿಯರುಗಳು ಕೈ ಕುಲುಕ್ತಿದ್ದಾರೆ. ಸೆಂಟ್ರಲ್ ಪೆಸಿಫಿಕ್ ಕಡೆ ಬೆಟ್ಟ ಕೊರೆದವರಲ್ಲಿ ಹೆಚ್ಚಿನವರು ಚೀನೀಯರು. ಅವರು ಆ ಚಿತ್ರದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

— ಅವರಿಗೂ ಹೆಂಡತಿಯರು ಇದ್ದರು ತಾನೆ?

— ನಾನು ಈ ವಿಷಯ ಹಿಡಿದದ್ದೇ ಅದಕ್ಕೆ. ಹತ್ತು ಸಾವಿರಕ್ಕೂ ಹೆಚ್ಚು ಜನ. ಬಹುತೇಕ ಎಲ್ಲರೂ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಸೀಮೆಯವರು, ಅದರಲ್ಲೂ ತೈಶಾನ್ ಸುತ್ತಿನ ನಾಲ್ಕು ತಾಲೂಕಿನವರು. ಮದುವೆ ಮಾಡಿಯೇ ಕಳಿಸೋದು ಅಲ್ಲಿ ವಾಡಿಕೆ. ಮಗ ಪರದೇಶದಲ್ಲೇ ಉಳಿದುಬಿಡದ ಹಾಗೆ, ಮನೆಗೆ ದುಡ್ಡು ಬರೋ ಹಾಗೆ.

— ನಮ್ಮಲ್ಲೂ ಬೊಂಬಾಯಿ ಹೋಟೆಲಿಗೆ ಹೋಗೋ ಹುಡುಗನಿಗೆ ಹಾಗೇ ಮಾಡ್ತಿದ್ದರು. ಸರಿ, ಅವರ ಕಾಗದ ಏನು ಹೇಳುತ್ತೆ?

— ಏನೂ ಹೇಳಲ್ಲ. ಒಂದೂ ಸಿಕ್ಕಿಲ್ಲ.

— ಒಂದೂ?

— ಆ ದಾರಿಯಲ್ಲಿ ದುಡಿದ ಚೀನೀ ಕೆಲಸಗಾರನ ಕೈಬರಹದ್ದು ಅಂತ ಹೇಳಬಹುದಾದ ಒಂದು ಕಾಗದ, ಒಂದು ದಿನಚರಿ, ಯಾವುದೂ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಚಾಂಗ್ ಮೊದಲಾದವರು ಅಮೆರಿಕ, ಚೀನಾ ಎರಡೂ ಕಡೆ ವರ್ಷಗಟ್ಟಲೆ ಹುಡುಕಿದರು. ಆ ವಿಶ್ವವಿದ್ಯಾಲಯ ಕಟ್ಟಿದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡನೇ ಸೆಂಟ್ರಲ್ ಪೆಸಿಫಿಕ್‌ನ ಅಧ್ಯಕ್ಷ. ಕಂಪನಿಯ ಸಂಬಳದ ಪಟ್ಟಿ ನೋಡಿದ್ರೂ ಬಹಳ ಕಡೆ ಇರೋದು ಮೇಸ್ತ್ರಿಯ ಹೆಸರು, ಅವನ ಕೆಳಗಿದ್ದವರ ಹೆಸರಲ್ಲ.

— ಓದು ಬರಹ ಬರ್ತಿರಲಿಲ್ಲ, ಬರೀಲಿಲ್ಲ. ಅಷ್ಟೇ ಇರಬೇಕು.

— ಇದನ್ನ ಮಾತ್ರ ನಾನು ಒಪ್ಪಲ್ಲ. ಓದು ಬರದವರೂ ಬರೆಸ್ತಿದ್ದರು. ಆ ಕಡೆಯಿಂದ ಹೊರಗೆ ಹೋದವರು ದುಡ್ಡಿನ ಜೊತೆಗೇ ಕಾಗದ ಕಳಿಸೋ ಏರ್ಪಾಟು ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಅಂಗಡಿಯಿಂದ ಹಾಂಗ್‌ಕಾಂಗ್‌ನ ಸಾಹುಕಾರನಿಗೆ, ಅಲ್ಲಿಂದ ಆಳಿನ ಕೈಯಲ್ಲಿ ಹಳ್ಳಿಯ ಮನೆ ಬಾಗಿಲಿಗೆ. 1867ರ ಜನವರಿಯಿಂದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾಂಗ್‌ಕಾಂಗ್‌ಗೆ ಉಗಿಹಡಗು ಕ್ರಮವಾಗಿ ಓಡಾಡೋಕೆ ಶುರುವಾಯ್ತು. ಇಂಥ ದುಡ್ಡಿನ ಕಾಗದಗಳು ಮುಂದಿನ ಕಾಲದವು ಗ್ವಾಂಗ್‌ಡಾಂಗ್, ಫುಜಿಯನ್ ಎರಡೂ ಕಡೆ ಲಕ್ಷದ ಮೇಲೆ ಉಳಿದಿವೆ. 2013ರಲ್ಲಿ ಯುನೆಸ್ಕೊ ಅವನ್ನ ತನ್ನ ‘ವಿಶ್ವದ ಸ್ಮರಣೆ’ ಪಟ್ಟಿಗೆ ಸೇರಿಸಿಕೊಂಡಿದೆ. ಕಳಿಸೋ ರೂಢಿ ಇತ್ತು, ಹಾದಿ ಇತ್ತು, ದುಡ್ಡೂ ಇತ್ತು. ತಿಂಗಳಿಗೆ ಮೂವತ್ತು ಮೂವತ್ತೈದು ಡಾಲರ್ ಸಂಬಳ, ಊಟ ತಮ್ಮದೇ, ಅದರಲ್ಲೂ ಮಿಗಿಸ್ತಿದ್ದರು.

— ನಮ್ಮ ಎಂ.ಒ. ಫಾರಂನ ತುದಿಯಲ್ಲಿ ನಾಲ್ಕು ಸಾಲು ಬರೆಯೋಕೆ ಜಾಗ ಇರ್ತಿತ್ತಲ್ಲ, ಹಾಗೇ. ‘ಮಗೂಗೆ ಅಂಗಿ ಹೊಲಿಸು, ಸಾಲದವನಿಗೆ ಇಷ್ಟು ಕೊಡು.’ ಪೋಸ್ಟ್‌ಮ್ಯಾನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳೋನು. ಆದ್ರೆ ಆ ಚೀಟೀನ ಎಷ್ಟು ಜನ ಇಟ್ಟುಕೊಳ್ತಿದ್ದರು? ಒಲೆ ಹಚ್ಚೋಕೆ ಹೋಗ್ತಿತ್ತು.

— ಒಲೆಗೆ ಹೋದವು ಕೆಲವು ಇರಬಹುದು. ಉಳಿದವಕ್ಕೆ ಬೆಂಕಿ ಹಾಕಿದವರು ಬೇರೆ. ಅದೇ ನಾಲ್ಕು ತಾಲೂಕಿನಲ್ಲಿ 1855ರಿಂದ 1867ರವರೆಗೆ ಸ್ಥಳೀಕರಿಗೂ ಹಕ್ಕ ಜನಕ್ಕೂ ಹೊಡೆದಾಟ ನಡೆದು ಹಳ್ಳಿಗೆ ಹಳ್ಳಿಯೇ ಸುಟ್ಟುಹೋಯ್ತು. ಹೆಂಡತಿ ಬರೆಸಿದ ಕಾಗದ ಅಮೆರಿಕದಲ್ಲಿ ಇದ್ದಿದ್ರೆ, ಅಲ್ಲೂ ಚೀನೀ ಕೇರಿಗಳಿಗೆ ಬೆಂಕಿ ಬಿತ್ತು. ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ 1885ರಲ್ಲಿ ಇಪ್ಪತ್ತೆಂಟು ಚೀನೀ ಗಣಿ ಕೆಲಸಗಾರರನ್ನ ಕೊಂದು ಮನೆಗಳನ್ನ ಸುಟ್ಟರು. ಆ ಗಣಿ ಯೂನಿಯನ್ ಪೆಸಿಫಿಕ್‌ದೇ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ 1906ರ ಭೂಕಂಪದ ಬೆಂಕಿಯಲ್ಲಿ ಹೋಯ್ತು. 1882ರ ಕಾನೂನು ಚೀನೀ ಕೂಲಿಗಳು ದೇಶದೊಳಕ್ಕೆ ಬರೋದನ್ನೇ ನಿಲ್ಲಿಸಿತು. ಅಲ್ಲಿದ್ದ ಕೂಲಿಗೆ ಹೆಂಡತಿಯನ್ನ ಕರೆಸಿಕೊಳ್ಳೋ ದಾರಿ ಇರಲಿಲ್ಲ. ಎಷ್ಟೋ ಹೆಂಗಸರ ಇಡೀ ಆಯುಸ್ಸು ಆ ಕಡೆಯಿಂದ ಬರೋ ಕಾಗದದ ಮೇಲೇ ಕಳೀತು.

— ಬೆಟ್ಟ ಕೊರೆದವರು ಅಂದ್ಯಲ್ಲ, ಅದೆಂಥ ಕೆಲಸ?

— ಸಿಯೆರಾ ನೆವಾಡ ಬೆಟ್ಟದ ಡೊನರ್ ಕಣಿವೆಯ ತುದಿಯಲ್ಲಿ ಒಂದು ಸುರಂಗ, 1,659 ಅಡಿ ಉದ್ದ, ಗಟ್ಟಿ ಗ್ರಾನೈಟು. ಕೈಯಲ್ಲಿ ಚಾಣ ಹಿಡಿದು ತೂತು ಕೊರೆದು ಮದ್ದು ತುಂಬಿ ಸಿಡಿಸೋದು. ಎರಡು ಬಾಯಿಯಿಂದಲೂ ಕೊರೆದರು, ಸಾಲದೆ ನಡುವೆ ಬಾವಿಯ ಹಾಗೆ ಮೇಲಿನಿಂದ ಇಳಿದು ಒಳಗಿನಿಂದ ಎರಡೂ ಕಡೆಗೆ ಕೊರೆದರು. 1866-67ರ ಚಳಿಗಾಲದಲ್ಲಿ ಹಿಮ ಎಷ್ಟಿತ್ತು ಅಂದ್ರೆ ಹಿಮದೊಳಗೇ ಸುರಂಗ ಮಾಡಿಕೊಂಡು ಗುಡಿಸಲಿಂದ ಕೆಲಸಕ್ಕೆ ಹೋಗಿಬರ್ತಿದ್ದರು. ಹಿಮ ಕುಸಿದು ಸತ್ತವರ ಹೆಣ ಕೆಲವು ಸಿಕ್ಕಿದ್ದು ವಸಂತದಲ್ಲಿ ಹಿಮ ಕರಗಿದ ಮೇಲೆ. 1867ರ ಜೂನ್‌ನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿ, ನಲವತ್ತು ಡಾಲರ್ ಬೇಕು, ಸುರಂಗದೊಳಗೆ ಪಾಳಿ ಕಡಿಮೆ ಮಾಡಿ ಅಂತ ಕೇಳಿದರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟದ ಮೇಲೆ ಅವರಿಗೆ ಹೋಗ್ತಿದ್ದ ಆಹಾರ ನಿಲ್ಲಿಸಿದ. ಒಂದು ವಾರಕ್ಕೆ ಮುಷ್ಕರ ಮುಗೀತು.

— ಅಲ್ಲಿಂದಲೂ ‘ನಾನು ಕ್ಷೇಮ’ ಅಂತಲೇ ಬರೆಸಿರ್ತಾನೆ.

— ಬರೆಸಿರಬಹುದು. ಆ ಸುಳ್ಳಾದರೂ ನಮ್ಮ ಕೈಗೆ ಸಿಕ್ಕಿದ್ದಿದ್ರೆ ಅಂತ ಆಸೆ ನನಗೆ. ಕೇಸ್‌ಮೆಂಟ್ ತನಗೆ ಚಳಿಯಾಯ್ತು ಅಂತ ಬರೆದದ್ದು ಗೊತ್ತು, ಹಿಮದಡಿ ಹೋದವನು ಏನು ಬರೆಸಿದ್ದ ಅಂತ ಗೊತ್ತಿಲ್ಲ. ನಮ್ಮ ಪುಸ್ತಕಗಳೆಲ್ಲ ಕಾಗದ ಉಳಿದವರ ಕಡೆಗೇ ವಾಲುತ್ತವೆ. ಆ ವಾಲುವಿಕೆಯನ್ನ ಓದುವಾಗ ಲೆಕ್ಕಕ್ಕೆ ಹಿಡೀಬೇಕು ಅನ್ನೋದು ನನ್ನ ವಾದ.

— ಒಪ್ಪಿದೆ. ಕೇಸ್‌ಮೆಂಟನ ಕಾಗದ ಹೇಗೆ ಉಳೀತು?

— ಮನೆ ಇತ್ತು, ಮನೆಗೆ ಬೆಂಕಿ ಬೀಳಲಿಲ್ಲ, ಇಟ್ಟುಕೊಳ್ಳೋ ಹೆಂಗಸು ಇದ್ದಳು. ಮೂವರು ಗಂಡುಮಕ್ಕಳಲ್ಲಿ ಇಬ್ಬರು ಚಿಕ್ಕವರಿದ್ದಾಗಲೇ ಹೋದರು. 1868ರಲ್ಲಿ ಹುಟ್ಟಿದವನೊಬ್ಬ ಉಳಿದ. ಆ ವರ್ಷವೇ ಅವರಪ್ಪ ನಾನೂರು ಮೈಲಿಗೂ ಹೆಚ್ಚು ಕಂಬಿ ಹಾಸಿದ್ದು. ಫ್ರಾನ್ಸಿಸ್ ಬರೀ ಕಾಯ್ತಾ ಕೂತವಳಲ್ಲ. 1883ರಲ್ಲಿ ಪೇನ್ಸ್‌ವಿಲ್‌ನಲ್ಲಿ ಸಮಾನ ಹಕ್ಕುಗಳ ಸಂಘ ಕಟ್ಟಿದಳು, 1885ರಿಂದ 1889ರವರೆಗೆ ಓಹಾಯೋದ ಮಹಿಳಾ ಮತದಾನ ಸಂಘಕ್ಕೆ ಅಧ್ಯಕ್ಷೆ. ಅವಳು ತೀರಿಕೊಂಡದ್ದು 1928ರಲ್ಲಿ, ಅಮೆರಿಕದಲ್ಲಿ ದೇಶವಿಡೀ ಹೆಂಗಸರಿಗೆ ಮತ ಬಂದು ಎಂಟು ವರ್ಷದ ಮೇಲೆ.

— ಗಂಡನ ಕಾಗದ ಓದಿ ಓದಿ ಬುದ್ಧಿ ಬಂತು ಅನ್ನು!

— ಹಾಗೆ ಹೇಳಿದ್ರೆ ಅವಳು ನಿಮ್ಮನ್ನ ಬಿಡ್ತಿರಲಿಲ್ಲ. ಇಂಥ ಇನ್ನೊಬ್ಬಳು ಅನ್ನಾ ಜೂಡಾ. ಸಿಯೆರಾ ಬೆಟ್ಟದ ಮೇಲೆ ದಾರಿ ಹುಡುಕಿಕೊಟ್ಟ ಎಂಜಿನಿಯರ್ ಥಿಯೊಡೋರ್ ಜೂಡಾನ ಹೆಂಡತಿ. ಅವನು 1863ರಲ್ಲೇ ತೀರಿಕೊಂಡ. ಪ್ರೊಮೊಂಟರಿಯಲ್ಲಿ ಮೊಳೆ ಹೊಡೆದ ಮೇ 10 ಅವರ ಮದುವೆಯ ದಿನ. ಅವಳನ್ನ ಯಾರೂ ಕರೆಯಲಿಲ್ಲ. ಗಂಡನ ಬಗ್ಗೆ ಅವಳು ಮುಂದೆ ಬರೆದುಕೊಟ್ಟ ನೆನಪುಗಳಿಲ್ಲದೆ ಇವತ್ತು ಅವನ ಕಥೆ ಬರೆಯೋಕಾಗಲ್ಲ.

— ಕೇಸ್‌ಮೆಂಟ್ ದಂಪತಿಯ ಕಾಗದ ಈಗ ಎಲ್ಲಿವೆ?

— ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ, ಲಾರಮಿ ಅನ್ನೋ ಊರಲ್ಲಿ. ಆ ಊರು ಹುಟ್ಟಿದ್ದೇ 1868ರಲ್ಲಿ, ಕೇಸ್‌ಮೆಂಟನ ಕಂಬಿ ಅಲ್ಲಿಗೆ ಬಂದಾಗ. ಸಂಗ್ರಹಕ್ಕೆ ಇಟ್ಟಿರೋ ಹೆಸರು ಇಬ್ಬರದೂ.

— ಸರಿ. ನೀನು ಇದನ್ನ ಬರೆಯೋದಾದ್ರೆ ಕೊನೆಗೆ ನನ್ನದೊಂದು ಮಾತು ಸೇರಿಸು. ಮನೆಯಲ್ಲಿ ಅಜ್ಜ, ಮುತ್ತಜ್ಜ ಬರೆದ ಕಾಗದ ಇದ್ದವರು ಅಟ್ಟ ತೆಗೆಯುವಾಗ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಓದೋಕೆ ಬರದ ಮೋಡಿ ಅಕ್ಷರವಾದ್ರೂ ಇರಲಿ. ಕಾಗದ ತೆಗೆದಿಟ್ಟುಕೊಂಡು ಲಕೋಟೆ ಎಸೀಬೇಡಿ. ಒಳಗೆ ತಾರೀಕು ಬರೆಯದವರೇ ಹೆಚ್ಚು. ಯಾವ ಊರಲ್ಲಿ ಹಾಕಿದ್ದು, ಯಾವತ್ತು ಮುಟ್ಟಿದ್ದು ಅನ್ನೋದು ಲಕೋಟೆಯ ಮೇಲಿನ ಮೊಹರಿನಲ್ಲಿ ಇರುತ್ತೆ. ಇಟ್ಟುಕೊಳ್ಳೋಕೆ ಜಾಗ ಇಲ್ಲದಿದ್ರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಒಂದು ಸಲ ಕೇಳಿ ನೋಡಿ.